ಒಂದು ಎಣಿಕೆ ಮೊದಲು

"ಮೂರು ದಿನ ಸ್ಟುಡಿಯೋ, ಐವತ್ತೆಂಟು ಜನ ವಾದ್ಯದವರು, ಹನ್ನೊಂದು ಸುರುಳಿ ಟೇಪು. ಅಷ್ಟು ಹಿಡೀತು ಆ ಒಂದು ರೆಕಾರ್ಡಿಗೆ," ಎನ್ನುತ್ತಾ ಮೈದುನ ಹಳೆಯ ಟೇಪು ಯಂತ್ರವನ್ನು ಅಣ್ಣನ ಹೆಣದ ಪಕ್ಕದ ಮೇಜಿನ ಮೇಲಿಳಿಸಿದ.

ಹೆಣ ಒಯ್ಯುವ ವಾಹನ ಬರಲು ಅರ್ಧ ಗಂಟೆಯಿತ್ತು. ತೀರಿಕೊಂಡವನು ಸ್ಟುಡಿಯೋದಲ್ಲಿ ಟೇಪು ಕತ್ತರಿಸಿ ಅಂಟಿಸುವ ಕೆಲಸದವನು. ನೂರು ವರ್ಷದ ಹಿಂದಿನ ಸಂಗೀತಕಾರನೊಬ್ಬ ಸಂಗೀತ ಕಚೇರಿಗೂ ನಾಟಕಕ್ಕೂ ಬರೆದ ಕೃತಿಗಳ ಆ ರೆಕಾರ್ಡು ಅವನ ಕೈಯಲ್ಲೇ ಸಿದ್ಧವಾಗಿತ್ತು.

"ಅತ್ತಿಗೆ, ಡ್ರಾಯರಲ್ಲಿ ಈ ಡಬ್ಬಿ ಸಿಕ್ತು. 'ನಾಟಕದ್ದು, ಕತ್ತರಿಸಿದ ತುಂಡು' ಅಂತ ಬರ್ದಿದಾನೆ. ಹಳೇ ಬ್ಲೇಡು ಬಿಟ್ರೆ ಬೇರೇನೂ ಕೂಡಿಡದ ಮನುಷ್ಯ. ಕೇಳೋಣ್ವಾ?"

ಗಂಡನ ತಲೆಯ ಬಳಿ ನಿಂತಿದ್ದ ಅವಳು ಡಬ್ಬಿಯ ಮೇಲಿನ ಬರಹ ಓದಿದಳು.

ಆ ರೆಕಾರ್ಡಿಗೆ ವಾದ್ಯವೃಂದ ನಡೆಸಿದ್ದ ಮೇಷ್ಟ್ರು ಗೋಡೆ ಪಕ್ಕದ ಕುರ್ಚಿಯಿಂದ, "ಈಗ್ಯಾಕಪ್ಪ ಅದೆಲ್ಲ? ಬಿಡು," ಎಂದರು. ತನ್ನ ಮಾನ ಕಾಯುತ್ತಿದ್ದಾರೆ ಎಂದುಕೊಂಡಳು ಅವಳು.

*

ಮೂವತ್ತೊಂದು ವರ್ಷದ ಹಿಂದೆ ಅವಳು ಆ ವೃಂದದಲ್ಲಿ ಟ್ರಯಾಂಗಲ್ ಎಂಬ ಮುಕ್ಕೋನದ ಉಕ್ಕಿನ ವಾದ್ಯ ಬಾರಿಸುತ್ತಿದ್ದಳು. ನಾಟಕದ ಭಾಗದಲ್ಲಿ ಎಲ್ಲ ವಾದ್ಯಗಳೂ ನಿಂತು, ನಾಲ್ಕನೇ ಎಣಿಕೆಗೆ ಅವಳದೊಂದೇ ಪೆಟ್ಟು. ಮೇಷ್ಟ್ರ ಕೈ ನೋಡಿಯೇ ಬಾರಿಸಿದಳು. ಅದು ಮೂರಕ್ಕೇ ಬಿತ್ತು. ಐವತ್ತೇಳು ತಲೆಗಳು ಅವಳತ್ತ ತಿರುಗಿದವು.

ಗಂಡ ಆ ತುಂಡು ಕತ್ತರಿಸಿ, ಬೇರೆ ಸುರುಳಿಯ ಪೆಟ್ಟನ್ನು ಅಲ್ಲಿ ಅಂಟಿಸಿದ. "ಯಾರಿಗೂ ಗೊತ್ತಾಗಲ್ಲ ಬಿಡೆ," ಎಂದ. ಅವಳ ಮುಖ ನೋಡದೆ ಎಂದ.

ಮತ್ತೆ ಅವಳು ಟ್ರಯಾಂಗಲ್ ಮುಟ್ಟಲಿಲ್ಲ. ರೇಡಿಯೋದಲ್ಲಿ ಆ ಕೃತಿ ಶುರುವಾದರೆ ಒದ್ದೆ ಕೈಯಲ್ಲೇ ಓಡಿಬಂದು ಆರಿಸುತ್ತಿದ್ದಳು.

*

ತುಂಡಿನ ಎರಡೂ ತುದಿಗೆ ಬಿಳಿ ಟೇಪು ಅಂಟಿಸಿತ್ತು, ಯಾರಾದರೂ ಒಂದು ದಿನ ಯಂತ್ರಕ್ಕೆ ಹಾಕಲಿ ಎಂಬಂತೆ. ಮೈದುನ ಗುಂಡಿ ಒತ್ತಿಯೇಬಿಟ್ಟ.

ಸುಮ್ಮನೆ ಒಂದಿಷ್ಟು ಗಾಳಿಯ ಸದ್ದು. ಆಮೇಲೆ, ಟಿಣ್.

"ಅದು ನಾನೇ," ಎಂದಳು. ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದಿದ್ದಳು. "ಒಂದು ಎಣಿಕೆ ಮೊದ್ಲೇ ಹೊಡ್ದೆ. ನನಗೋಸ್ಕರ ಮುಚ್ಚಿಟ್ರು ನಿಮ್ಮಣ್ಣ."

ಮೇಷ್ಟ್ರು ಡಬ್ಬಿಯ ಮುಚ್ಚಳ ತಿರುಗಿಸಿ ಒಳಗೆ ನೋಡಿದರು. ಬೇರೇನೂ ಬರೆದಿರಲಿಲ್ಲ.

"ನಿನಗೋಸ್ಕರ ಅಲ್ಲಮ್ಮ," ಎಂದರು. "ಬೇಗ ಎದ್ದಿದ್ದು ನನ್ನ ಕೈ. ಹೆಂಡ್ತಿಗೆ ಹೇಳಿದ್ರೂ ಕೆಲಸ ಹೋಗುತ್ತೆ ಅಂತ ಅವನನ್ನ ಹೆದರಿಸಿದ್ದೆ. ಎಲ್ಲಾದ್ರೂ ನನ್ನ ಹೆಸರು ಬರ್ದಿಟ್ಟಿರ್ತಾನೆ ಅಂತ ನಾನೂ ಹೆದರ್ಕೊಂಡೇ ಇದ್ದೆ."

ಹೊರಗೆ ವಾಹನ ಬಂದು ನಿಂತಿತು. ಅವಳು ಗಂಡನ ಹೆಬ್ಬೆರಳಿನ ಮೇಲಿನ ಬ್ಲೇಡಿನ ಗೀರುಗಳನ್ನು ನೋಡುತ್ತಾ ನಿಂತಳು. ಯಂತ್ರದಲ್ಲಿ ಟೇಪಿನ ಬಾಲ ಪಟಪಟ ಬಡಿಯುತ್ತಲೇ ಇತ್ತು.

ಒಂದು ಮೊಳ ಟೇಪು. ಅವಳ ಮೂವತ್ತೊಂದು ವರ್ಷ ಅದಕ್ಕೆ ಹೋಗಿತ್ತು.