ಯಾರೂ ಇಲ್ಲದ ಜಾಗಕ್ಕೆ

ನಿಂತುಬಿಟ್ಟಾನ, ಎತ್ತಿದ ಬಲಗಾಲು ಎತ್ತಿದ ಹಾಗೇ, ಮೊಬೈಲಿನ ಆಟದೊಳಗಿನ ಬಾವಿಕಟ್ಟೆಯ ಪಕ್ಕ ಎದುರಾಳಿ ಕ್ರಾಂತಿಕುಮಾರನ ನೀಲಿ ಅಂಗಿಯ ಬೊಂಬೆ ಗೋಡೆಗೆ ಅಂಟಿಸಿದ ಚಿತ್ರದಂತೆ ನಿಂತಿದೆ, ನೆಟ್ಟು ಎಷ್ಟು ತಡ ಅಂತ ತೋರಿಸುವ ಮೂಲೆಯ ಅಂಕಿ ಕೆಂಪಾಗಿದೆ, ನೆಟ್ಟು ಮತ್ತೆ ಎಲ್ಲೋ ಹೋಗಿ ಕೂತಿದೆ, ಗೀತಮ್ಮನ ಹೆಬ್ಬೆರಳು ಬೆವರುತ್ತಿದೆ — ಮೂರು ತಿಂಗಳಿಂದ ಇದೇ ಹಾಡು, ಇವಳು ಗುರಿಯಿಟ್ಟು ಒತ್ತುವಷ್ಟರಲ್ಲಿ ಆ ಹುಡುಗ ಯಾವಾಗಲೋ ಸರಿದು ಇವಳನ್ನೇ ಹೊಡೆದು ಮುಗಿಸಿರುತ್ತಾನೆ, ಆಮೇಲೆ ಕಿವಿಯಲ್ಲಿ ಅವನ ನಗು, ಏ ಆಂಟಿ ಎದ್ದೇಳ್ರಿ, ಬೆಳಕು ಹರೀತು, ಹರಪನಹಳ್ಳಿಯಲ್ಲಿ ಕೂತು ನಗುವವನಿಗೆ ಕೊಟ್ಟೂರಿನ ಮಂಡಕ್ಕಿ ಭಟ್ಟಿಯ ತಗಡಿನ ಕೆಳಗೆ ಸಿಗ್ನಲ್ಲು ಎರಡೇ ಕಡ್ಡಿ ಅಂತ ಯಾರು ಹೇಳಬೇಕು, ಹೇಳಿದರೂ ನೆಪ ಅಂತಾನೆ, ಪಕ್ಕದಲ್ಲಿ ಕೂತ ಸೊಸೆ ರೋಜಾ ಕೂಡ ಬೆಳಿಗ್ಗೆ ಮುಖ ನೋಡದೆ ಅಂದಳಲ್ಲ, ಅತ್ತಿ ಬ್ಯಾಸರ ಮಾಡ್ಕೋಬ್ಯಾಡ್ರಿ, ಇವತ್ತೂ ಸೋತ್ರ ಮುಂದಿನ ವಾರದಿಂದ ಆಟಕ್ಕ ಅಂಜಿನಕ್ಕನ ಮಗಳನ್ನ ಜೋಡಿ ಮಾಡ್ಕೊಂತೀನಿ, ಆಕಿ ಕೈ ಚುರುಕೈತಿ. ಕೈ ಚುರುಕಂತೆ. ಮಧ್ಯಾಹ್ನ ಭಟ್ಟಿ ಆರಿದ ಮೇಲಿನ ಈ ಒಂದು ತಾಸು, ಅತ್ತೆ ಅತ್ತೆಯಲ್ಲ ಸೊಸೆ ಸೊಸೆಯಲ್ಲ, ಇಬ್ಬರೂ ಭುಜ ತಾಗಿಸಿ ಕೂತು ಲೇ ಬಂದಾನ ನೋಡು, ಹಿಂದ ಬಂದಾನ ಅಂತ ಒದರುವ ಈ ತಾಸನ್ನು ಬೇರೆ ಯಾವಳಿಗೋ ಬಿಟ್ಟುಕೊಡುವುದೇ, ಅದೂ ನೆಟ್ಟು ಮಾಡಿದ ತಪ್ಪಿಗೆ?

ಈ ಕೈ ನಿಧಾನವೇ, ಇಪ್ಪತ್ತಾರು ವರ್ಷ ಕಾದ ಮರಳಿನ ಬಾಣಲಿಯ ಮುಂದೆ ಆಡಿದ ಕೈ, ಸೊಸೆಯಾಗಿ ಬಂದ ಹೊಸದರಲ್ಲಿ ಬಾಣಲಿಗಟ್ಟಲೆ ಮಂಡಕ್ಕಿ ಸೀಸಿ ಅತ್ತಾಗ ತನ್ನತ್ತೆ ಗಾದೆಮ್ಮ ಮೊಣಕೈ ಹಿಡಿದು ಹೇಳಿದ್ದು, ಅರಳಿದ್ದು ಕಂಡಮ್ಯಾಲೆ ಎತ್ತಬ್ಯಾಡ ಹುಡುಗಿ, ಕಣ್ಣಿಗೆ ಕಾಣೋದು ಆಗಿಹೋಗಿದ್ದು, ನೀ ಮುಂದ ಆಗೋದಕ್ಕ ಎತ್ತು — ಆಮೇಲೆ ಒಂದು ಕಾಳೂ ಕಪ್ಪಾಗಲಿಲ್ಲ, ಮಿರ್ಚಿ ಅಂಗಡಿಯವರು ಗೀತಮ್ಮನ ಮಂಡಕ್ಕಿನೇ ಬೇಕು ಅಂತ ಬೆಳಗಾದರೆ ಬಾಗಿಲಿಗೆ ಬರುತ್ತಾರೆ, ಬರಲಿ ಮತ್ತೆ, ಯಾರ ಕೈ ಇದು — ಆಗಿಹೋಗಿದ್ದು, ಹೌದಲ್ಲ, ಈ ನೀಲಿ ಅಂಗಿ ಈಗ ಇಲ್ಲಿಲ್ಲ, ಇದು ಬರೀ ಅವನ ಹಿಂದಿನ ಗಳಿಗೆ, ನೆಟ್ಟು ತಡವಾಗಿ ತಂದು ತೋರಿಸುತ್ತಿರುವುದು, ಹಾಗಾದರೆ ಅವನೆಲ್ಲಿ, ಬಾವಿ ದಾಟಿದರೆ ಎಡಕ್ಕೇ ಓಡುತ್ತಾನೆ, ಪ್ರತಿಸಲವೂ, ಆ ಮುರುಕು ಗೋಡೆಯ ಮರೆಗೆ, ಗೋಡೆಯ ಅಂಚಿನಲ್ಲಿ ಈಗ ಯಾರೂ ಇಲ್ಲ, ಬಿಸಿಲು ಬಿದ್ದ ಖಾಲಿ ನೆಲ, ಗುರಿ ಅಲ್ಲಿಗೆ ಸರಿಯುತ್ತದೆ, ಅತ್ತಿ ಯಾರದಾರ ಅಲ್ಲಿ, ಗುಂಡು ಹಾಳ ಮಾಡ್ಬ್ಯಾಡ್ರಿ, ಸುಮ್ಕಿರ ರೋಜಾ, ಒತ್ತಿದಳು, ಖಾಲಿ ನೆಲಕ್ಕೆ, ಇನ್ನೊಮ್ಮೆ ಒತ್ತಿದಳು.

ಚಿತ್ರ ಗಕ್ಕನೆ ಹಾರಿತು, ಬಾವಿಕಟ್ಟೆಯ ಪಕ್ಕ ಯಾರೂ ಇಲ್ಲ, ಗೋಡೆಯ ಅಂಚಿನಲ್ಲಿ ನೀಲಿ ಅಂಗಿ ಅಂಗಾತ ಬಿದ್ದಿದೆ, ಏ ಇದು ಮೋಸ ಆಂಟಿ, ನಾ ಬರೋದಕ್ಕಿಂತ ಮದಲ ಹೆಂಗ ಹೊಡೆದ್ರಿ, ಭಟ್ಟಿಗೆ ಬಾರಪ್ಪ ಕಲಿಸ್ತೀನಿ, ಮರಳು ಕಾಸಿಟ್ಟಿರ್ತೀನಿ ಅಂದವಳ ದನಿ ತನಗೇ ಹೊಸದು, ಕತ್ತು ತಾನಾಗಿ ನೆಟ್ಟಗಾಗಿದೆ, ರೋಜಾ ಬಾಯಿ ತೆರೆದು ನೋಡುತ್ತಿದ್ದಾಳೆ, ನೋಡಲಿ, ಇನ್ನೊಬ್ಬ ಉಳಿದಿದ್ದಾನೆ, ಅವನ ಜೊತೆಗಾರ, ಅವನನ್ನೂ ಕೆಡವಿದರೆ ಆಟ ಇವರದು — ಮತ್ತೆ ಅಂಕಿ ಕೆಂಪು, ಇಬ್ಬರ ಮೊಬೈಲೂ ಒಟ್ಟಿಗೇ ನಿಂತವು, ಜೊತೆಗಾರ ಮೆಟ್ಟಿಲ ಮೇಲೆ ಅರ್ಧ ಬಾಗಿದ್ದಾನೆ, ರೋಜಾ ಹತ್ತಿರ ಸರಿದಳು, ದನಿ ಇಳಿದಿತ್ತು, ಅತ್ತಿ, ನನ್ನ ಗುಂಡು ತುಂಬ ಅದಾವ, ಎಲ್ಲಿ ಹೊಡೀಲಿ ಹೇಳ್ರಿ. ಗೀತಮ್ಮ ಅವನನ್ನು ನೋಡಲಿಲ್ಲ. ಸೊಸೆಯ ಮೊಬೈಲಿನ ಮೇಲೆ, ಮೆಟ್ಟಿಲ ಕೆಳಗೆ ಬೆರಳಿಟ್ಟಳು, ಅಲ್ಲಿ — ಖಾಲಿ ನೆಲ, ಬಿಸಿಲು, ಯಾರೂ ಇಲ್ಲ, ಇನ್ನೂ ಯಾರೂ ಇಲ್ಲ