ಬಾವಿ ದಾಟಿದ ಮೇಲೆ

ನನಗೆ ಸಿಟ್ಟು ಬೇಗ ಬರುತ್ತದೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರವಾರದ ಕೋಡಿಬಾಗ ರಸ್ತೆಯಲ್ಲಿ ಇಪ್ಪತ್ತು ವರ್ಷದಿಂದ ಟೇಪ್ ರೆಕಾರ್ಡರ್, ವಿಸಿಆರ್ ರಿಪೇರಿ ಮಾಡಿಕೊಂಡು ಕೂತವನು ನಾನು, ರಾಮನಾಥ. ಗಿರಾಕಿಗಳು ಮೆಷಿನನ್ನು ಮೇಜಿನ ಮೇಲೆ ಇಡುವ ಮೊದಲೇ ಕಥೆ ಶುರು ಮಾಡುತ್ತಾರೆ. ಭಾವ ದುಬೈಯಿಂದ ತಂದದ್ದಂತೆ, ಮೊನ್ನೆ ಗುಡುಗಿದಾಗಿನಿಂದ ಹೀಗಂತೆ, ಪಕ್ಕದ ಮನೆಯವರು ಮುಟ್ಟಿದ ಮೇಲೆ ಕೆಟ್ಟಿತಂತೆ. ಅದೆಲ್ಲ ನನಗೆ ಯಾಕೆ ಬೇಕು? ಬಿಚ್ಚಿದರೆ ಮೆಷಿನೇ ಎಲ್ಲ ಹೇಳುತ್ತದೆ. ಅಂಗಡಿಯ ಹಿಂದೆಯೇ ನಮ್ಮ ಮನೆ. "ನಿಮ್ಗೆ ಮೆಷಿನ್ ಹೇಳಿದ್ದು ಕೇಳ್ತದೆ, ಮನುಷ್ಯರು ಹೇಳಿದ್ದು ಕೇಳೂದಿಲ್ಲ" ಎಂದು ಹೆಂಡತಿ ಮಂಗಲಾ ದಿನಕ್ಕೊಮ್ಮೆಯಾದರೂ ಒಳಗಿನಿಂದ ಹೇಳುತ್ತಾಳೆ. ಅದನ್ನೂ ನಾನು ಕಿವಿಗೆ ಹಾಕಿಕೊಂಡವನಲ್ಲ.

ಎರಡು ಸಾವಿರದ ಆರನೇ ಇಸವಿ, ದೀಪಾವಳಿ ಮುಗಿದ ವಾರ. ಅಂಕೋಲೆ ಬಸ್ಸಿನಿಂದ ಇಳಿದ ಒಬ್ಬರು ಹೆಂಗಸು ಬಿಳಿ ಕೋಲು ಊರುತ್ತ ಅಂಗಡಿಗೆ ಬಂದರು. ಐವತ್ತು ದಾಟಿದ ಪ್ರಾಯ. ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲವಂತೆ, ಹೆಸರು ಕಲಾವತಿ. ಹೆಗಲ ಚೀಲದಿಂದ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಮೆಷಿನ್ ತೆಗೆದು ಮೇಜಿನ ಅಂಚನ್ನು ಕೈಯಿಂದ ಸವರಿ ನೋಡಿ ಮೆಲ್ಲಗೆ ಇಟ್ಟರು.

ಅರೇ! ಡ್ಯಾಟ್ ಮೆಷಿನ್! ಅದೂ ಹೆಗಲಿಗೆ ಹಾಕಿಕೊಂಡು ತಿರುಗುವ ಸಣ್ಣದು. ನನ್ನ ಕೈ ತುರಿಸಿತು. ಡ್ಯಾಟ್ ಎಂದರೆ ಡಿಜಿಟಲ್ ಟೇಪು. ಕ್ಯಾಸೆಟ್ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಆದರೆ ಒಳಗೆ ವಿಸಿಆರಿನಂತೆಯೇ ಗಿರಗಿರ ತಿರುಗುವ ಡ್ರಮ್ಮು. ಗೋವಾದ ಸ್ಟುಡಿಯೋದವರು ತಮ್ಮ ಡ್ಯಾಟ್ ಮೆಷಿನ್ ಕೆಟ್ಟರೆ ಬಸ್ಸಿನಲ್ಲಿ ನನಗೇ ಕಳಿಸುತ್ತಿದ್ದರು. ಹೊಸದು ಬರುವುದು ನಿಂತ ಮೇಲೆ, ಎಲ್ಲರೂ ಕಂಪ್ಯೂಟರಿಗೆ ಹೋದ ಮೇಲೆ, ಅವೂ ಅಪರೂಪವಾದವು. ಕಾರವಾರದ ಕಡೆಯವರ ಕೈಯಲ್ಲಿ ಮಾತ್ರ ನಾನು ಅದನ್ನು ಕಂಡೇ ಇರಲಿಲ್ಲ. ಇವರಿಗೆ ಇದು ಎಲ್ಲಿಂದ ಬಂತು, ಇದರಲ್ಲಿ ಏನು ಕೇಳುತ್ತಾರೆ ಎಂದು ಕುತೂಹಲವಾಯಿತು. ಕೇಳಿದೆನೇ? ಇಲ್ಲ.

"ತಮ್ಮ ಭರತ ಮುಂಬೈಲಿ ಸ್ಟುಡಿಯೋದಲ್ಲಿ ಇರೂದು" ಎಂದು ಅವರೇ ಶುರು ಮಾಡಿದರು. "ನಾವು ಊರು ಬಿಡೂ ಮೊದ್ಲು ಬಂದು ಇದ್ರಲ್ಲಿ ರೆಕಾರ್ಡ್ ಮಾಡ್ದ. ಆಮೇಲೆ ಬೇರೆ ಯಾವ ಮೆಷಿನ್ನಲ್ಲಿ ಹಾಕಿದ್ರೂ ಆ ಟೇಪು ಮಾತಾಡೂದಿಲ್ಲ ಹೇಳಿ, ಮೆಷಿನ್ನೇ ನಂಗೆ..."

"ಆಯ್ತು ಕಲಾವತಿಬಾಯಿ, ಆಯ್ತು. ಈಗ ಎಂತ ಆಗಿದೆ ಅದ್ಕೆ?"

"ಮೂರು ವಾರ ಆಯ್ತು, ಟೇಪು ಹಾಕಿದ್ರೆ ಹೊರಗೇ ದೂಡ್ತದೆ."

"ಇಟ್ಟು ಹೋಗಿ. ಮುಂದಿನ ಗುರುವಾರ ಬನ್ನಿ. ಟೇಪೂ ಇಟ್ಟು ಹೋಗಿ, ಹಾಕಿ ನೋಡ್ಬೇಕಾಗ್ತದೆ."

ಅವರ ಕೈ ಸೊಂಟದ ಸಂಚಿಯ ಮೇಲೆ ಹೋಯಿತು. "ಅದು ಬೇಡ ಅಣ್ಣಾ. ಅದು ಒಂದೇ ಅದೆ. ಬರೂವಾಗ ತರ್ತೆ." ಹಟಮಾರಿ ಹೆಂಗಸು ಎಂದುಕೊಂಡೆ.

ಅವರು ರಸ್ತೆ ದಾಟುವ ಮೊದಲೇ ಮೆಷಿನ್ ಬಿಚ್ಚಿಯಾಗಿತ್ತು. ನಮ್ಮ ಕಡಲ ಗಾಳಿ ಮಾಡುವ ಕಿತಾಪತಿಯೆಲ್ಲ ಒಳಗಿತ್ತು. ಗ್ರೀಸು ಒಣಗಿ ಮೇಣವಾಗಿತ್ತು, ರಬ್ಬರಿನ ರೋಲರು ಗಟ್ಟಿಯಾಗಿ ಹೊಳೆಯುತ್ತಿತ್ತು, ಡ್ರಮ್ಮಿನ ಮೇಲೆ ಬೂಷ್ಟು. ಟೇಪನ್ನು ಒಳಗೆಳೆಯುವ ಹಲ್ಲಿನ ಚಕ್ರ ಸೀಳು ಬಿಟ್ಟಿತ್ತು. ಮೂಲೆಯಲ್ಲಿದ್ದ ಹಳೆಯ ಮೆಷಿನ್ ಒಂದರಿಂದ ಚಕ್ರ ಕಿತ್ತು ಹಾಕಿದೆ, ಡ್ರಮ್ಮನ್ನು ಮೆತ್ತನೆಯ ಚರ್ಮದ ತುಂಡಿನಿಂದ ಒರೆಸಿದೆ, ಗ್ರೀಸು ಬದಲಿಸಿದೆ. ಮೂರು ದಿನ ಊಟಕ್ಕೆ ಮಂಗಲಾ ಎರಡೆರಡು ಸಲ ಕರೆಯಬೇಕಾಯಿತು.

ಕೊನೆಗೆ ಕಣ್ಣಿಗೆ ಬಿತ್ತು ಅದು. ಡ್ರಮ್ಮಿನ ಎರಡೂ ಕಡೆ ಟೇಪಿಗೆ ದಾರಿ ತೋರಿಸುವ ಎರಡು ಪುಟ್ಟ ಕಂಬಗಳಿರುತ್ತವೆ. ತಲೆಯ ಮೇಲೆ ಸ್ಕ್ರೂ. ಕಂಪನಿಯವರು ಅದನ್ನು ಕೂದಲೆಳೆಯ ಲೆಕ್ಕದಲ್ಲಿ ಕೂರಿಸಿ ಬಣ್ಣದ ಬೊಟ್ಟಿಟ್ಟು ಮುಚ್ಚುತ್ತಾರೆ. ಇಲ್ಲಿ ಎರಡೂ ಬೊಟ್ಟು ಒಡೆದಿದ್ದವು. ಯಾವನೋ ಅರೆಬೆಂದ ಮೆಕ್ಯಾನಿಕ್ ಕೈಯಾಡಿಸಿ ಕಂಬಗಳನ್ನು ತಪ್ಪಾಗಿ ನಿಲ್ಲಿಸಿದ್ದ. ನನಗೆ ಮೈ ಉರಿಯಿತು. ಇಂಥ ಕೆಲಸ ಮಾಡುವವರ ಬೆರಳು ಮುರಿಯಬೇಕು! ಹಳೆಯ ಬಣ್ಣವನ್ನೆಲ್ಲ ಕೆರೆದು ತೆಗೆದೆ. ನನ್ನ ಹತ್ತಿರ ಕಂಪನಿಯಲ್ಲೇ ತುಂಬಿದ ಒಂದು ಕೊಳಲಿನ ಟೇಪು ಇದೆ, ಅದನ್ನು ಹಾಕಿ, ಕೊಳಲು ಚೂರೂ ಮುಕ್ಕಾಗದೆ ಕೇಳುವವರೆಗೆ ಕಂಬಗಳನ್ನು ಸರಿಪಡಿಸಿದೆ. ಅಂಥ ಕೆಲಸವನ್ನು ಜಿಲ್ಲೆಯಲ್ಲಿ ಬೇರೆ ಯಾರೂ ಮಾಡಲಾರರು ಎಂದು ನನಗೆ ನಾನೇ ಹೇಳಿಕೊಂಡು ಒಂದು ಚಾ ಹೆಚ್ಚಿಗೆ ಕುಡಿದೆ.

ಗುರುವಾರ ಹತ್ತು ಗಂಟೆಗೆ ಸರಿಯಾಗಿ ಬಂದರು. ಸಂಚಿಯಿಂದ ಟೇಪು ತೆಗೆದುಕೊಟ್ಟರು, ಹೆಡ್‌ಫೋನ್ ಕಿವಿಗೇರಿಸಿಕೊಂಡು ಸೆರಗು ಸರಿಮಾಡಿ ಕೂತರು, ಪ್ರಯಾಣಕ್ಕೆ ಹೊರಟವರ ಹಾಗೆ. ನಾನು ಬಟನ್ ಒತ್ತಿದೆ. ಟೇಪು ಒಳಗೆ ಹೋಯಿತು, ಅಂಕಿ ಓಡತೊಡಗಿತು.

"ಹಚ್ಚಿದ್ರಾ ಅಣ್ಣಾ?"

"ಹಚ್ಚಿ ಆಯ್ತಲ್ಲ. ಓಡ್ತಾ ಅದೆ."

"ಎಂತದೂ ಕೇಳೂದಿಲ್ಲ."

ತಿರುಗಿಸಿ ಹಾಕಿದೆ. ಮುಂದೆ ಓಡಿಸಿ ಹಾಕಿದೆ. ಒಂದು ಚೂರು ಸದ್ದಿಲ್ಲ. ನನ್ನ ಕೊಳಲಿನ ಟೇಪು ಹಾಕಿದೆ, ಕೊಳಲು ಸ್ವಚ್ಛವಾಗಿ ಕೇಳುತ್ತದೆ ಎಂದರು. "ನೋಡಿ, ಮೆಷಿನ್ ಸರಿಯಾಗಿ ಅದೆ. ಹಾಳಾದದ್ದು ನಿಮ್ಮ ಟೇಪು" ಎಂದೆ. ಅಷ್ಟೇ ಒರಟಾಗಿ ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವರು ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಜಗಳಕ್ಕೆ ಬಂದಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ. ಅವರು ಬರಲಿಲ್ಲ.

"ನಮ್ಮ ಊರು ಈಗ ನೌಕಾನೆಲೆ ಬೇಲಿ ಒಳಗೆ ಹೋಯ್ತು, ಎಂಟು ವರ್ಷ ಆಯ್ತು. ಊರು ಬಿಡಿಸಿ ನಮ್ಗೆ ಕೊಟ್ಟ ಕಾಲನಿಯಲ್ಲಿ ಎಲ್ಲರ ಮನೇಲೂ ಊರಿನ ಫೋಟೋ ಅದೆ. ನಂಗೆ ಫೋಟೋ ಎಂತಕ್ಕೆ? ಅದ್ಕೇ ತಮ್ಮ ಮೈಕ್ ಹಿಡ್ಕಂಡು ನನ್ನ ಹಿಂದೆ ಬಂದ. ಮನೆ ಬಾಗ್ಲಿಂದ ಸಮುದ್ರದವರೆಗೆ ನಾ ಮುಂದೆ, ಅವ ಹಿಂದೆ. ದಿನಾ ಸಂಜೆ ಅದನ್ನ ಹಚ್ಕಂಡು ನಾ ಊರಿಗೆ ಒಂದ್ಸಲ ಹೋಗಿ ಬರೂದು. ಈಗ ತಿಂಗ್ಳಾಯ್ತು, ಹೋಗ್ಲಿಲ್ಲ. ದಾರಿ ಮರೀತಾ ಬಂತು ಅಣ್ಣಾ. ಬಾಗ್ಲಿಂದ ಬಾವಿಗೆ ಇಪ್ಪತ್ತೆರಡು ಹೆಜ್ಜೆ. ಬಾವಿ ದಾಟಿದ ಮೇಲೆ ಎಂತದೋ ಇತ್ತು. ಅಲ್ಲಿ ಟೇಪು ಸುಮಾರು ವರ್ಷದಿಂದ ಗರಗರ ಹೇಳಿ ಮುಚ್ಚಿ ಹೋಗ್ತಿತ್ತು. ಆದ್ರೂ ಮುಂದಿಂದು ಹಿಂದಿಂದು ಕೇಳ್ತಾ ಕೇಳ್ತಾ ನಂಗೆ ಗೊತ್ತಾಗ್ತಿತ್ತು. ಈಗ ಇಲ್ಲ."

"ನಿಮ್ಮ ತಮ್ಮಂಗೆ ಕೇಳ್ಬಹುದಲ್ಲ?"

"ಕೇಳ್ದೆ. ಅಲ್ಲಿ ಎಂತದೂ ಇರ್ಲಿಲ್ಲ ಹೇಳ್ದ. ಕಣ್ಣಿದ್ದವ್ರಿಗೆ ಎಂತ ನೆನಪಿರ್ತದೆ?"

ಚಾ ತಂದ ಮಂಗಲಾ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಲೋಟ ಅವರ ಕೈಗಿಟ್ಟು ನನ್ನ ಕಡೆ ತಿರುಗಿದಳು. "ಆ ದಿವ್ಸ ಇವ್ರು ಎಂತದೋ ಹೇಳ್ತಾ ಇದ್ರಲ್ಲ, ಬೇರೆ ಮೆಷಿನ್ನಲ್ಲಿ ಟೇಪು ಮಾತಾಡೂದಿಲ್ಲ ಹೇಳಿ. ನೀವು ಪೂರ್ತಿ ಹೇಳೂಕೆ ಬಿಡ್ಲಿಲ್ಲ."

ಕೆನ್ನೆಗೆ ಹೊಡೆದ ಹಾಗಾಯಿತು. ಬೇರೆ ಮೆಷಿನ್ನಿನಲ್ಲಿ ಮಾತಾಡುವುದಿಲ್ಲ! ಮಾತಾಡುವುದು ಹೇಗೆ? ತಿರುಗುವ ಡ್ರಮ್ಮು ಟೇಪಿನ ಮೇಲೆ ಕೂದಲಿಗಿಂತ ಸಣ್ಣ ಓರೆ ಗೆರೆಗಳನ್ನು ಎಳೆಯುತ್ತ ಹೋಗುತ್ತದೆ. ಕಂಬ ತಪ್ಪಿ ನಿಂತಿದ್ದಾಗ ಎಳೆದ ಗೆರೆಯೂ ತಪ್ಪಿಯೇ ಬಿದ್ದಿರುತ್ತದೆ. ಅದನ್ನು ಓದಲು ಅಷ್ಟೇ ತಪ್ಪಿ ನಿಂತ ಕಂಬ ಬೇಕು. ಆ ಅರೆಬೆಂದ ಮೆಕ್ಯಾನಿಕ್ ಕೈಯಾಡಿಸಿದ ಮೇಲೆ ಭರತ ರೆಕಾರ್ಡ್ ಮಾಡಿದ್ದಾನೆ. ಇಡೀ ಲೋಕದಲ್ಲಿ ಆ ಟೇಪನ್ನು ಓದಬಲ್ಲ ಮೆಷಿನ್ ಒಂದೇ ಇತ್ತು. ಅದನ್ನು ನಾನು ಸರಿ ಮಾಡಿ ಇಟ್ಟಿದ್ದೆ. ಕಂಬ ಎಲ್ಲಿ ನಿಂತಿತ್ತು ಎಂದು ತೋರಿಸುತ್ತಿದ್ದ ಒಡೆದ ಬೊಟ್ಟನ್ನೂ ಕೆರೆದು ಊದಿ ಹಾರಿಸಿದ್ದೆ.

"ಬಾಯಿ" ಎಂದೆ. "ಟೇಪು ಹಾಳಾಗ್ಲಿಲ್ಲ. ಹಾಳು ಮಾಡಿದ್ದು ನಾನು."

"ಮೊದ್ಲಿನ ಹಾಗೆ ಮಾಡೂಕೆ ಆಗ್ತದಾ?"

"ಗೊತ್ತಿಲ್ಲ. ಎಷ್ಟು ತಿರುಗಿಸ್ದೆ ಹೇಳಿ ಲೆಕ್ಕ ಇಡ್ಲಿಲ್ಲ. ಹುಡುಕ್ಬೇಕು."

"ಹುಡುಕುವ" ಎಂದರು ಅವರು, ತಾವೂ ಕೈಹಾಕುವವರ ಹಾಗೆ. ಹೆಡ್‌ಫೋನನ್ನು ಮತ್ತೆ ಕಿವಿಗೇರಿಸಿದರು.

ನಾನು ಜೀವಮಾನವಿಡೀ ಸೊಟ್ಟಗಿದ್ದದ್ದನ್ನು ನೆಟ್ಟಗೆ ಮಾಡಿದವನು. ನೆಟ್ಟಗಿದ್ದದ್ದನ್ನು ಬೇಕೆಂದೇ ಸೊಟ್ಟ ಮಾಡಲು ಕೈ ಏಳಲೇ ಇಲ್ಲ. ಎಡಗಡೆಯ ಸ್ಕ್ರೂವನ್ನು ಒಂದು ನೂಲೆಳೆಯಷ್ಟು ತಿರುಗಿಸಿದೆ, ಏನೂ ಇಲ್ಲ. ಇನ್ನೊಂದು ನೂಲು, ಇಲ್ಲ. ಬಲಗಡೆಯದು, ಇಲ್ಲ. ಒಂದನ್ನು ಬದಲಿಸಿದರೆ ಇನ್ನೊಂದನ್ನು ಮೊದಲಿಂದ ನೋಡಬೇಕು. ಹನ್ನೆರಡು ಹೊಡೆಯಿತು. ಮಂಗಲಾ ಇಬ್ಬರಿಗೂ ಬಂಗಡೆ ಮೀನಿನ ಸಾರು, ಅನ್ನ ತಂದಿಟ್ಟಳು. ಕಲಾವತಿಬಾಯಿ ಊಟ ಮಾಡುವಾಗಲೂ ಒಂದು ಕಿವಿಗೆ ಹೆಡ್‌ಫೋನ್ ಒತ್ತಿಕೊಂಡೇ ಇದ್ದರು.

ಎರಡೂವರೆಯ ಹೊತ್ತಿಗೆ ಕೈ ಎತ್ತಿದರು. "ಟಿಕ್ ಹೇಳ್ತು."

ನನಗೇನೂ ಕೇಳಿರಲಿಲ್ಲ. ಅಂಗಡಿಯಲ್ಲಿದ್ದ ಇನ್ನೊಂದು ಹೆಡ್‌ಫೋನನ್ನು ಜೋಡಿಸಿಕೊಂಡು ಕಿವಿಗೆ ಹಾಕಿದೆ. ಆದರೂ ಕೇಳಲಿಲ್ಲ.

"ಈಗ ಹೋಯ್ತು. ಹಿಂದೆ ಬನ್ನಿ. ಇನ್ನೂ ಸ್ವಲ್ಪ... ಹಾಂ. ಅಲ್ಲಿ. ಈಗ ಆಚೆದು ತಿರುಗ್ಸಿ. ಅಣ್ಣಾ, ಕೈ ನಡುಗ್ತಾ ಅದೆ ನಿಮ್ದು."

"ನಿಮ್ಗೆ ಹೇಗೆ ಗೊತ್ತು?"

"ಸದ್ದು ನಡುಗ್ತದಲ್ಲ."

ನಾನು ಕೈ ಒರೆಸಿಕೊಂಡು, ಉಸಿರು ಹಿಡಿದು, ಅವರು ಹೇಳಿದ ಹಾಗೆ ತಿರುಗಿಸುತ್ತ ಹೋದೆ. ಅವರು ಹೇಳುವುದು, ನಾನು ಕೇಳುವುದು. ಇಪ್ಪತ್ತು ವರ್ಷದಲ್ಲಿ ಗಿರಾಕಿಯ ಮಾತು ಅಷ್ಟು ಹೊತ್ತು ಕೇಳಿದ್ದು ಅದೇ ಮೊದಲು. ಟಿಕ್ ಟಿಕ್ ಎಂದದ್ದು ಪಟಪಟವಾಯಿತು. ಪಟಪಟದ ನಡುವೆ ಒಂದು ಕಾಗೆ ಕೂಗಿತು. ನನಗೆ ರೋಮಾಂಚನವಾಯಿತು. ಮತ್ತೆ ಅರ್ಧ ನೂಲು. ಪರದೆ ಸರಿದ ಹಾಗೆ, ದೂರದಲ್ಲಿ ಸಮುದ್ರ ಕೇಳಿತು.

"ಬಂತು!" ಎಂದು ಅವರು ನನ್ನ ಮೊಣಕೈ ಹಿಡಿದುಕೊಂಡರು. "ಬಂತು ಅಣ್ಣಾ, ನಮ್ಮೂರು ಬಂತು!"

ಟೇಪನ್ನು ಮೊದಲಿಗೆ ತಿರುಗಿಸಿ ಹಾಕಿದೆ. ಬಾಗಿಲ ಚಿಲಕ ತೆಗೆದ ಸದ್ದು. ಬರಿಗಾಲಿನ ಹೆಜ್ಜೆ ಮುಂದೆ, ಚಪ್ಪಲಿಯ ಹೆಜ್ಜೆ ಹಿಂದೆ. "ಮೂರು ಮೆಟ್ಲು ಅದೆ ತಮಾ, ನೋಡ್ಕಂಡು ಬಾ" ಎಂದು ಎಂಟು ವರ್ಷ ಚಿಕ್ಕವರಾದ ಕಲಾವತಿಬಾಯಿ ಕಣ್ಣಿದ್ದ ತಮ್ಮನಿಗೆ ಹೇಳುತ್ತಿದ್ದರು. ಕೋಳಿ ಕೆದಕುವ ಸದ್ದು. ಯಾರೋ ಕೆಮ್ಮಿದರು. ನಾನು ಯಾಕೋ ಕಣ್ಣು ಮುಚ್ಚಿಕೊಂಡೆ. ಪಕ್ಕದಲ್ಲಿ ಅವರ ತುಟಿ ಹೆಜ್ಜೆ ಎಣಿಸುತ್ತಿತ್ತು. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ಬಾವಿಯ ರಾಟೆ ಕಿರ್ರೆಂದಿತು, ಕೊಡಪಾನಕ್ಕೆ ನೀರು ಸುರಿಯಿತು.

"ಈಗ ಗರಗರ ಬರ್ತದೆ" ಎಂದರು ಅವರು, ಮೈ ಬಿಗಿಮಾಡಿಕೊಂಡು.

ಬರಲಿಲ್ಲ. ಬೂಷ್ಟು ಹೋದದ್ದಕ್ಕೋ, ಅವರ ಕಿವಿ ಹುಡುಕಿಕೊಟ್ಟ ಜಾಗ ಮೊದಲಿಗಿಂತ ನಿಖರವಾಗಿತ್ತೋ, ನನಗೆ ಗೊತ್ತಿಲ್ಲ. ರಾಟೆಯ ಸದ್ದು ಹಿಂದೆ ಉಳಿಯಿತು. ಒಣ ಎಲೆ ತುಳಿದ ಸದ್ದು. ಆಮೇಲೆ ತೀರಾ ಹತ್ತಿರದಲ್ಲಿ, ನಗುತ್ತ, ಅವರದೇ ದನಿ:

"ತಲೆ ಬಗ್ಸು ತಮಾ. ಇಶಾಡ ಮಾವಿನ ಟೊಂಗೆ ಅದೆ ಇಲ್ಲಿ."

ಮೇಜಿನ ಮೇಲೆ ಏನೋ ಬಿದ್ದ ಸದ್ದಾಗಿ ಕಣ್ಣು ತೆರೆದೆ. ಬಿದ್ದದ್ದು ನನ್ನ ಕನ್ನಡಕ. ನಾನು ತಲೆ ಬಗ್ಗಿಸಿದ್ದೆ. ಪಕ್ಕದಲ್ಲಿ ಕಲಾವತಿಬಾಯಿಯೂ ತಲೆ ಬಗ್ಗಿಸಿ ಕೂತಿದ್ದರು, ಒಂದು ಕೈ ಮೇಲೆತ್ತಿ, ಇಲ್ಲದ ಟೊಂಗೆಯನ್ನು ಸರಿಸುತ್ತ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಟೊಂಗೆ ಇತ್ತು" ಎಂದರು. "ಹೌದು ಹೌದು, ಟೊಂಗೆ ಇತ್ತು. ದಿನಾ ಬಗ್ಗೂದೇ ಆಗಿತ್ತು, ಮಾತಲ್ಲಿ ಎಲ್ಲಿ ನೆನಪಿಟ್ಕಳೂದು?"

"ಎಂತ ಆಯ್ತು ಇಬ್ರಿಗೂ?" ಎಂದು ಮಂಗಲಾ ಒಳಗಿನಿಂದ ಓಡಿಬಂದಳು.

ಆ ಸಂಜೆಯೇ ಇಡೀ ಟೇಪನ್ನು ಎರಡು ಸಾದಾ ಕ್ಯಾಸೆಟ್ಟಿಗೆ ಇಳಿಸಿಕೊಟ್ಟೆ. ಮಂಗಲಾಳ ಉಗುರುಬಣ್ಣ ತಂದು ಎರಡೂ ಸ್ಕ್ರೂಗಳ ಮೇಲೆ ಬೊಟ್ಟಿಟ್ಟೆ, ಅವು ಎಷ್ಟು ಸೊಟ್ಟ ನಿಂತಿದ್ದವೋ ಅಷ್ಟೇ ಸೊಟ್ಟದಲ್ಲಿ. ಮೆಷಿನ್ನಿನ ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸಿದೆ. "ಈ ಕಂಬಗಳು ತಪ್ಪಾಗಿವೆ. ಯಾರೂ ಸರಿ ಮಾಡಕೂಡದು. ರಾಮನಾಥ, ಕಾರವಾರ." ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ನನ್ನ ಹೆಸರು ಹಾಕಿ ತಪ್ಪು ಕೆಲಸ ಹೊರಗೆ ಕಳಿಸಿದ್ದು ಅದೊಂದೇ.

ಅವರು ಟೇಪನ್ನು ಸಂಚಿಗೆ ಹಾಕಿ ಗಂಟು ಬಿಗಿದರು. "ಅಣ್ಣಾ, ಅದ್ರಲ್ಲಿ ಜಾಗ ಉಳಿದಿದ್ರೆ ಇನ್ನೊಂದು ಸಾಲು ಬರೀರಿ. ನಾ ಮತ್ತೆ ಮರೆತ್ರೆ ಯಾರಾದ್ರೂ ಓದಿ ಹೇಳ್ತರು."

ಮುಂದೆ ಯಾವ ಮೆಕ್ಯಾನಿಕ್ ಇದನ್ನು ಬಿಚ್ಚುತ್ತಾನೋ ಅವನು ಓದಿ ತಲೆ ಕೆರೆದುಕೊಳ್ಳಲಿ ಎಂದುಕೊಂಡು, ಅವರು ಹೇಳಿದ ಹಾಗೆಯೇ, ನನ್ನ ಹೆಸರಿನ ಕೆಳಗೆ ಬರೆದೆ: "ಬಾವಿ ದಾಟಿದ ಮೇಲೆ ತಲೆ ಬಗ್ಗಿಸಬೇಕು."