ಸುಕ್ರನ ಎಡ ಮೊಣಕಾಲು

ಕಾಗಾಲ ಊರಿನ ಮಾನಮರ್ಯಾದೆ ಆ ಬೆಳಿಗ್ಗೆ ಸುಕ್ರನ ಎಡ ಮೊಣಕಾಲಿನ ಮೇಲೆ ನಿಂತಿತ್ತು. ಕಾಲಿನ ಎರಡೂ ಹೆಬ್ಬೆರಳು ಜೋಡಿಸಿ ಕಟ್ಟದೆ ಹೆಣ ಅಂಗಳ ದಾಟುವಂತಿಲ್ಲ. ವರ್ಷಗಳಿಂದ ಮಡಚಿಕೊಂಡೇ ಇದ್ದ ಎಡಗಾಲು ಬಲಗಾಲಿನ ಹತ್ತಿರ ಬರಲೊಲ್ಲದು. ತಮ್ಮ ಬೀರ ಎರಡೂ ಅಂಗೈ ಊರಿ ಅದನ್ನು ಒತ್ತುತ್ತಿದ್ದ.

"ಹಂಗೆ ಒತ್ತಬೇಡ್ವೋ, ಮುರೀತದೆ," ಎಂದಳು ಸುಕ್ರನ ಹೆಂಡತಿ ಗಂಗೆ.

"ಅತ್ಗೆ, ಅಣ್ಣಂಗೆ ಈಗ ನೋವೆಂತ ಆಗೂದಿಲ್ಲ."

"ನಂಗೆ ಆಗ್ತದೆ."

ಚಟ್ಟಕ್ಕೆ ಬಿದಿರು ಕಡಿಯುತ್ತಿದ್ದ ಮಾಬ್ಲೇಶ್ವರ ಕತ್ತಿ ಇಳಿಸಿದ. "ಮತ್ತೆಂತ ಮಾಡೂದು? ಹಿಂಗೇ ಹೊತ್ಕಂಡು ಹೋದ್ರೆ ಸುಕ್ರಣ್ಣ ಕಟ್ಟೆ ಮೇಲೆ ಮಲ್ಕಂಡು ಬೀಡಿ ಸೇದ್ದಂಗೆ ಕಾಣ್ತದೆ."

ಯಾರೋ ನಗು ನುಂಗಿದರು. ಗಂಗೆ ಒಳಗೆ ಹೋಗಿ ಬಿಸಿ ಮಾಡಿದ ಕೊಬ್ಬರಿ ಎಣ್ಣೆಯ ಬಟ್ಟಲು ತಂದಳು.

"ನಾ ತಿಕ್ತೆ. ಸಡ್ಲ ಆಗ್ತದೆ."

"ಹೆಣಕ್ಕೆ ಎಣ್ಣೆ ತಿಕ್ಕಿ ಎಂತ ಸಡ್ಲ ಆಗೂದು ಅತ್ಗೆ?"

"ಶಾಂತಾರಾಮಣ್ಣನ ಹತ್ರ ಕೇಳು. ಮಶಿನ್ನಿಗೆ ಹಾಕಿ ನೋಡಿದ ಎಣ್ಣೆ ಇದು."

ಮಿರ್ಜಾನದಿಂದ ಬಂದು ಜಗಲಿಯ ಕಂಬಕ್ಕೆ ಒರಗಿದ್ದ, ಸುಕ್ರನ ಜೊತೆಗೇ ನೌಕರಿ ಮಾಡಿದ್ದ ಶಾಂತಾರಾಮನತ್ತ ಎಲ್ಲರೂ ತಿರುಗಿದರು.

*

ಘಟ್ಟದ ಮೇಲಿನ ಪಶುವೈದ್ಯ ಕಾಲೇಜಿನಲ್ಲಿ ಅವರಿಬ್ಬರೂ ಅಟೆಂಡರುಗಳು. ಸತ್ತ ಕುದುರೆಯ ಕಾಲಿನ ಕೀಲು ಕತ್ತರಿಸಿ ತಂದು, ಮೇಲಿನ ಎಲುಬನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು, ಕೆಳಗಿನದಕ್ಕೆ ತೂಕ ಕಟ್ಟಿ ಗಡಿಯಾರದ ಲೋಲಕದಂತೆ ತೂಗಿಬಿಡುವುದು ಅವರ ಕೆಲಸ. ಕೀಲು ನುಣುಪಾಗಿದ್ದರೆ ಬಹಳ ಹೊತ್ತು ತೂಗುತ್ತದೆ. ಒಳಗೆ ತಿಕ್ಕಾಟವಿದ್ದರೆ ಬೇಗ ನಿಲ್ಲುತ್ತದೆ. ಕೀಲಿನದೇ ಅಂಟುನೀರು ಇದ್ದಾಗ ಒಮ್ಮೆ, ಅದನ್ನು ಒರೆಸಿ ಒಮ್ಮೆ, ಬೇರೇನಾದರೂ ಸವರಿ ಒಮ್ಮೆ ನೋಡಿ ಡಾಕ್ಟರರು ಲೆಕ್ಕ ಹಾಕುತ್ತಿದ್ದರು. ಊರಲ್ಲಿ ಮಾತ್ರ ಸುಕ್ರನ ನೌಕರಿ 'ಕುದುರೆಗೆ ಎಣ್ಣೆ ಬಿಡೂದು' ಎಂದೇ ಪ್ರಸಿದ್ಧ.

ಆ ಮಾತು ನಂಬಿದ ಗಂಗೆ ಒಮ್ಮೆ ಬಾಟಲಿ ತುಂಬಿ ಕೊಟ್ಟಿದ್ದಳು. "ನಮ್ಮನೆ ಎಣ್ಣೆನೂ ಚೂರು ಹಾಕಿ ನೋಡಿ."

ಡಾಕ್ಟರರು ಊಟಕ್ಕೆ ಹೋದಾಗ ಇಬ್ಬರೂ ಅದನ್ನು ಸವರಿ ತೂಗಿಬಿಟ್ಟರು. ಅಂಟುನೀರಿನಲ್ಲಿ ತೂಗಿದ್ದರ ಅರ್ಧ ಹೊತ್ತಿಗೇ ಕಾಲು ನಿಂತಿತು.

"ಮನೇಲಿ ಎಂತ ಹೇಳ್ತೆ ಮಾರಾಯಾ?" ಶಾಂತಾರಾಮ ಕೇಳಿದ.

"ಗಂಗಿ ಎಣ್ಣೆನೇ ಗೆದ್ದದ್ದು ಅಂತ," ಎಂದ ಸುಕ್ರ, ಕೀಲು ಒರೆಸುತ್ತ.

ಮುಂದೆ ಅವನದೇ ಮೊಣಕಾಲು ಸವೆದಾಗ ಗಂಗೆ ದಿನಾ ಸಂಜೆ ಅದೇ ಎಣ್ಣೆ ತಿಕ್ಕಿದಳು. ಅವನು ದಿನಾ ಸಂಜೆ ಕಾಲು ಒಡ್ಡಿದ.

*

"ಹೌದಾ ಶಾಂತಾರಾಮಣ್ಣ?" ಬೀರ ಕೇಳಿದ.

ಶಾಂತಾರಾಮ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. "ಹೌದು ಮತ್ತೆ. ಗಂಗಕ್ಕನ ಎಣ್ಣೆ ಹಾಕಿದ್ರೆ ಕುದುರೆ ಕಾಲು ನಿಲ್ತಾನೇ ಇರ್ಲಿಲ್ಲ. ಡಾಕ್ಟರ್ರು ಉಂಡ್ಕಂಡು ಬಂದ್ರೂ ತೂಗ್ತಿತ್ತು."

ಅಂಗಳಕ್ಕಿಳಿದು ಸುಕ್ರನ ಕಾಲಬುಡದಲ್ಲಿ ಕೂತು ಅಂಗೈ ಒಡ್ಡಿದ. ಗಂಗೆ ಎಣ್ಣೆ ಹೊಯ್ದಳು. ಮೊಣಕಾಲಿನ ಮೇಲೆ ಅವಳು, ಕೆಳಗೆ ಅವನು ತಿಕ್ಕತೊಡಗಿದರು. ಬೀರ ದಾರ ಹಿಡಿದು ನಿಂತ.

"ಚೂರು ತಡ್ಕಳಿ, ಆತು," ಎಂದು ಗಂಗೆ ಗಂಡನಿಗೆ ಹೇಳಿದಳು.

ಬಿಸಿಲು ತುಳಸಿಕಟ್ಟೆ ದಾಟಿತು. ಬಟ್ಟಲು ಬರಿದಾಯಿತು. ಗಂಗೆ ಸೆರಗಿನಿಂದ ಮೊಣಕಾಲು ಒರೆಸಿದಳು.

"ಬೀರ, ಉದ್ದ ದಾರ ತಾ," ಎಂದಳು.

ಮೊಣಕಾಲು ನೆಟ್ಟಗಾಗಲಿಲ್ಲ. ಹೆಬ್ಬೆರಳುಗಳ ನಡುವೆ ಗೇಣುದ್ದ ದಾರ ಬಿಟ್ಟು ಕಟ್ಟಿ, ಹಾಗೆಯೇ ಒಯ್ದರು.